ಹುಡುಕಿದ್ದು ಕೃಷ್ಣ, ಸಿಕ್ಕಿದ್ದು ಹುಳಿ

ಮಾನ್ಯ ಸಂಪಾದಕರೇ,

ಓದುಗರ ಪುಟದಲ್ಲಿ ಒಂದು ದೂರು ಮತ್ತೆ ಮತ್ತೆ ಕಾಣುತ್ತದೆ. ಕನ್ನಡದಲ್ಲಿ ಹೆಸರನ್ನೋ ಪದವನ್ನೋ ಹಾಕಿ ಹುಡುಕಿದರೆ ಕಂಪ್ಯೂಟರು ಇದ್ದದ್ದನ್ನೂ ಇಲ್ಲ ಎನ್ನುತ್ತದೆ, ಕೇಳದ್ದನ್ನು ತಂದು ಮುಂದಿಡುತ್ತದೆ. ಅದರ ಬೆನ್ನಿಗೇ ಸಲಹೆಯೊಂದು ಬರುತ್ತದೆ: ಜನ ಕಾಗುಣಿತ ಕಲಿತು ಒಂದೇ ರೀತಿ ಬರೆದರೆ ಎಲ್ಲ ಸರಿಹೋಗುತ್ತದೆ. ಸಲಹೆ ಕೆಟ್ಟದ್ದಲ್ಲ. ಆದರೆ ಈಗಾಗಲೇ ಬರೆದಿಟ್ಟ ಕೋಟ್ಯಂತರ ಪದಗಳನ್ನು ಅದು ಮುಟ್ಟುವುದಿಲ್ಲ. ಮೇಲಾಗಿ ದೋಷ ಬಹುಪಾಲು ಬರೆದವರದ್ದೂ ಅಲ್ಲ. ಪದಗಳ ಹೋಲಿಕೆ ಅಳೆಯುವ ಸೂತ್ರಗಳು ಅರುವತ್ತು ವರ್ಷಗಳಿಂದ ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ನಾವು ಅವಕ್ಕೆ ಕನ್ನಡವನ್ನು ಬಿಡಿಸದೆ ಹಾಗೇ ಸುರಿಯುತ್ತೇವೆ, ತೊಂದರೆ ಅಲ್ಲಿದೆ.

ಮೊದಲು ಸೂತ್ರ. ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟ ಅಳತೆ ಇಂದಿಗೂ ಬಹಳಷ್ಟಕ್ಕೆ ತಳಪಾಯ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸಿದರೆ ಅದೇ ಆ ಎರಡರ ನಡುವಿನ ದೂರ. ಅದಕ್ಕೂ ಒಂದು ವರ್ಷ ಮೊದಲು, 1964ರಲ್ಲಿ, ಡ್ಯಾಮೆರೌ ಎಂಬವರು ನಾಲ್ಕನೆಯದನ್ನೂ ಗುರುತಿಸಿದ್ದರು: ಅಕ್ಕಪಕ್ಕದ ಎರಡು ಅಕ್ಷರ ಅದಲುಬದಲಾಗುವುದು. ಅವರು ನೋಡಿದ ಇಂಗ್ಲಿಷ್ ತಪ್ಪುಗಳಲ್ಲಿ ಶೇ 80ಕ್ಕೂ ಹೆಚ್ಚಿನವು ಈ ನಾಲ್ಕರಲ್ಲಿ ಯಾವುದಾದರೂ ಒಂದು, ಒಂದೇ ಒಂದು ಸಲ ಆದದ್ದು. ಹಾಗಾಗಿ ಒಂದು ಹೆಜ್ಜೆ, ಹೆಚ್ಚೆಂದರೆ ಎರಡು ಹೆಜ್ಜೆ ದೂರದೊಳಗೆ ಹುಡುಕಿದರೆ ಸಾಕು ಎಂಬ ಲೆಕ್ಕ ಬಹಳಷ್ಟು ಸಾಫ್ಟ್‌ವೇರುಗಳಲ್ಲಿ ಬೇರೂರಿತು.

ಈಗ ಅದೇ ಲೆಕ್ಕವನ್ನು ಕನ್ನಡಕ್ಕೆ ಹಾಕಿ ನೋಡೋಣ. ‘ಕೃಷ್ಣ’ ಎಂಬುದು ಯೂನಿಕೋಡಿನಲ್ಲಿ, ಅಂದರೆ ಪ್ರತಿ ಲಿಪಿಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ, ಐದು ಸಂಕೇತಗಳ ಸಾಲು: ಕಕಾರ, ಋ ಸ್ವರದ ಗುರುತು, ಷಕಾರ, ವಿರಾಮ ಎಂಬ ಕೊಂಡಿ, ಣಕಾರ. ‘ಕ್ರಿಷ್ಣ’ ಎಂದು ಬರೆದರೆ ಏಳು: ಕಕಾರ, ವಿರಾಮ, ರಕಾರ, ಇ ಗುರುತು, ಆಮೇಲೆ ಷಕಾರ, ವಿರಾಮ, ಣಕಾರ. ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದು ಬದಲಾವಣೆ, ಎರಡು ಸೇರ್ಪಡೆ, ಒಟ್ಟು ದೂರ 3. ‘ಹುಲಿ’ಯಿಂದ ‘ಹುಳಿ’ಗೆ ಹೋಗಲು ಒಂದೇ ಬದಲಾವಣೆ, ದೂರ 1. ಅಂದರೆ ಒಬ್ಬನೇ ಮನುಷ್ಯನ ಎರಡು ಬರವಣಿಗೆಗಳು ಬಲು ದೂರ, ಕಾಡಿನ ಮೃಗವೂ ನಾಲಿಗೆಯ ರುಚಿಯೂ ಬಲು ಹತ್ತಿರ! ಇದು ಬರೀ ಕಾಗದದ ಲೆಕ್ಕವಲ್ಲ. ಬಹಳ ಕಡೆ ಬಳಕೆಯಲ್ಲಿರುವ ಇಲಾಸ್ಟಿಕ್‌ಸರ್ಚ್ ಎಂಬ ಹುಡುಕು ಯಂತ್ರದ ‘ಆಟೋ’ ನಿಯಮದಂತೆ 2 ಸಂಕೇತದವರೆಗಿನ ಪದ ಹಾಗ್‌ಹಾಗೇ ಹೊಂದಬೇಕು, 3ರಿಂದ 5ರವರೆಗೆ ಒಂದು ತಪ್ಪಿಗೆ ಮಾಫಿ, ಅದಕ್ಕೂ ಉದ್ದವಿದ್ದರೆ ಎರಡಕ್ಕೆ. ಎರಡಕ್ಕಿಂತ ಹೆಚ್ಚು ಅದು ಕೊಡುವುದೇ ಇಲ್ಲ. ‘ಹುಲಿ’ಗೆ ನಾಲ್ಕು ಸಂಕೇತ, ಹಾಗಾಗಿ ‘ಹುಳಿ’ ಒಳಗೆ ಬರುತ್ತದೆ. ‘ಕೃಷ್ಣ’ನಿಗೆ ಐದು, ಹಾಗಾಗಿ ‘ಕ್ರಿಷ್ಣ’ ಹೊರಗೇ ನಿಲ್ಲುತ್ತಾನೆ.

ಇದಕ್ಕಿಂತಲೂ ಕೆಳಮಟ್ಟದ ಎಡವಟ್ಟುಗಳಿವೆ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯೊಳಗೇ ಬರುವ ಲೆವೆನ್‌ಸ್ಟೈನ್ ಆದೇಶ ಅಕ್ಷರಗಳನ್ನಲ್ಲ, ಕಂಪ್ಯೂಟರು ಅಕ್ಷರ ಕೂಡಿಡುವ ಚಿಕ್ಕ ತುಂಡುಗಳಾದ ಬೈಟುಗಳನ್ನು ಎಣಿಸುತ್ತದೆ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ‘ರಮ’ ‘ರಾಮ’ನಾಗಲು ಒಂದು ದೀರ್ಘ ಸೇರಿದರೆ ದೂರ 3, ಲಕಾರ ಳಕಾರವಾದರೆ ಕೊನೆಯ ಬೈಟು ಮಾತ್ರ ಬದಲಾಗಿ ದೂರ 1. ಪೈಥಾನ್ ಎಂಬ ಇನ್ನೊಂದು ಭಾಷೆಯ ಜೊತೆಗೇ ಬರುವ, ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಘಟಕದ್ದು ಇನ್ನೊಂದು ಬಗೆ. ಅದರ ‘ಪದದ ಅಕ್ಷರ’ ಎಂಬ ವರ್ಗದೊಳಗೆ ನಮ್ಮ ಸ್ವರಚಿಹ್ನೆಗಳೂ ವಿರಾಮವೂ ಸೇರುವುದಿಲ್ಲ. ಪದ ಬಿಡಿಸಲು ಅದನ್ನೇ ನೆಚ್ಚಿದರೆ ‘ಕನ್ನಡ’ ಎಂಬುದು ‘ಕನ’ ಮತ್ತು ‘ನಡ’ ಎಂದು ಎರಡು ತುಂಡು. ‘ಹುಲಿ’, ‘ಹೊಲ’, ‘ಹಾಲು’ ಮೂರೂ ‘ಹ’, ‘ಲ’ ಎಂಬ ಒಂದೇ ತುಂಡುಗಳು. ಇಷ್ಟಾದ ಮೇಲೆ ಎಂಥ ಒಳ್ಳೆಯ ಸೂತ್ರ ಹಾಕಿದರೂ ಫಲವಿಲ್ಲ. ಕನ್ನಡ ವಿಭಾಗದ 3200ರಿಂದ 3327ರವರೆಗಿನ ಸಂಕೇತಗಳು, ಜೊತೆಗೆ ಕಣ್ಣಿಗೆ ಕಾಣದ ಜೋಡಕಗಳಾದ 8204 ಮತ್ತು 8205, ಇಷ್ಟೂ ಪದದ ಒಳಗಿನವು ಎಂದು ಪ್ರೋಗ್ರಾಂ ಬರೆಯುವವರೇ ಹೇಳಿಕೊಡಬೇಕು.

ಹಾಗಾದರೆ ಮಾಡಬೇಕಾದದ್ದೇನು? ಅಳೆಯುವುದಕ್ಕೆ ಮುಂಚೆ ತೊಳೆಯಬೇಕು, ತೊಳೆದ ಮೇಲೆ ಬಿಡಿಸಬೇಕು.

ತೊಳೆಯುವುದು ಎಂದರೆ, ಕಣ್ಣಿಗೆ ಒಂದೇ ಆಗಿದ್ದು ಒಳಗೆ ಬೇರೆಯಾಗಿರುವುದನ್ನು ಒಂದು ಮಾಡುವುದು. ‘ಕೋ’ ಎಂಬುದು 3221, 3275 ಎಂಬ ಎರಡು ಸಂಕೇತವಾಗಿಯೂ ಇರಬಹುದು. 3221, 3270, 3266, 3285 ಎಂದು ಎತ್ವ, ಕೊಂಬು, ದೀರ್ಘ ಬಿಡಿಬಿಡಿಯಾಗಿ ನಾಲ್ಕಾಗಿಯೂ ಇರಬಹುದು. ಪರದೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಕಾಣದು. ಇದನ್ನು ಯೂನಿಕೋಡಿನ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಸರಿಪಡಿಸುತ್ತದೆ, ಒಂದು ಸಾಲಿನ ಕೆಲಸ. ಬಹುತೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಕೊಳೆ ಇದರಾಚೆ ಇದೆ.

‘ಬ೦ದ’ ಎಂದು ಬರೆದಿರುವುದನ್ನು ನೋಡಿ. ನಡುವೆ ಇರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ. ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ‘ಧಮ೯’ ಎಂಬಲ್ಲಿ ಅರ್ಕಾವತ್ತಿನ ಜಾಗದಲ್ಲಿ ಕೂತಿರುವುದು ಒಂಬತ್ತು, 3311. ಅರ್ಕಾವತ್ತನ್ನು ಹೇಗೆ ಒತ್ತಬೇಕೆಂದು ಸಿಗದೆ ಕಣ್ಣಿಗೆ ಹೊಂದಿದ್ದನ್ನು ಒತ್ತಿದವರ ಜಾಣತನ ಇದು. ಎಷ್ಟೋ ಪಟ್ಟಿಗಳಲ್ಲಿ ತುಂಬಿಕೊಂಡಿದೆ. ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ, ಏಕೆಂದರೆ ಯೂನಿಕೋಡಿನ ದೃಷ್ಟಿಯಲ್ಲಿ ಅಂಕಿ ಅಂಕಿಯೇ. ನಿಯಮ ನಾವೇ ಬರೆಯಬೇಕು. ಸೊನ್ನೆಯ ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅದು ಅನುಸ್ವಾರ. ಹಿಂದೆ ಅಂಕಿ ಇದ್ದರೆ, ‘೧೦ನೇ’ ಎಂಬಲ್ಲಿಯಂತೆ, ಮುಟ್ಟಬೇಡಿ. ಒಂಬತ್ತಿನದು ಸ್ವಲ್ಪ ಜಟಿಲ. ಅದನ್ನು ರಕಾರ-ವಿರಾಮವಾಗಿ ಬದಲಿಸಿದರಷ್ಟೇ ಸಾಲದು, ಹಿಂದಿನ ಇಡೀ ಅಕ್ಷರವನ್ನು ದಾಟಿಸಿ ಅದಕ್ಕೂ ಮೊದಲು ಕೂರಿಸಬೇಕು. ‘ವಷಾ೯’ ಎಂಬಲ್ಲಿ ದೀರ್ಘವನ್ನು ಮಾತ್ರ ದಾಟಿಸಿ ನಿಲ್ಲಿಸಿದರೆ ಷಕಾರ ಒಂದು ಕಡೆ, ಅದರ ದೀರ್ಘ ಇನ್ನೊಂದು ಕಡೆಯಾಗಿ ಅಕ್ಷರವೇ ಒಡೆದುಹೋಗುತ್ತದೆ. ‘ಷಾ’ ಪೂರ್ತಿ ದಾಟಿದರೆ ‘ವರ್ಷಾ’ ಸಿಗುತ್ತದೆ.

ಕಾಣದ ಜೋಡಕಗಳದ್ದು ಇದೇ ಕಥೆ. ‘ಸಾಫ್ಟ್‌ವೇರ್’ ಎಂದು ಒತ್ತಕ್ಷರ ಆಗದಂತೆ ತಡೆಯಲು 8204 ಬೇಕು. ಅದಿಲ್ಲದೆ ಹೊಡೆದರೆ ‘ಸಾಫ್ಟ್ವೇರ್’. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವತ್ತಾಗಿ ಓಡಿಹೋಗದಿರಲು 8205 ಬೇಕು. ಅದು ವಿರಾಮಕ್ಕೆ ಮೊದಲು ಬಂದಿರುವ ಪಠ್ಯವೂ ಇದೆ, ಆಮೇಲೆ ಬಂದಿರುವುದೂ ಇದೆ. ಹೋಲಿಕೆಗೆಂದು ಮಾಡುವ ನಕಲಿನಲ್ಲಿ ಎರಡನ್ನೂ ಕಿತ್ತುಹಾಕಿ. ಆದರೆ ಮೂಲದಲ್ಲೇ ಕಿತ್ತರೆ ಅಚ್ಚಿನ ರೂಪವೇ ಕೆಡುತ್ತದೆ. ಈ ಭೇದವನ್ನು ಮರೆತು ಮೂಲವನ್ನೇ ತಿದ್ದಿ, ಹಿಂದಿರುಗಲು ದಾರಿಯಿಲ್ಲದಂತೆ ಮಾಡಿಕೊಳ್ಳುವುದು ಈ ಕೆಲಸದ ಅತಿ ದುಬಾರಿ ತಪ್ಪು. ಮೂಲ ಒಂದು ಅಂಕಣ, ತೊಳೆದ ಕೀಲಿ (ಹೋಲಿಕೆಯ ನಕಲು) ಇನ್ನೊಂದು ಅಂಕಣ, ಕೀಲಿ ಮಾಡಿದ ನಿಯಮಾವಳಿಯ ಆವೃತ್ತಿ ಸಂಖ್ಯೆ ಮೂರನೆಯದು. ನಿಯಮ ಬದಲಾದರೆ ಕೀಲಿ ಮತ್ತೆ ಮಾಡಿದರಾಯಿತು.

ಇನ್ನು ಬಿಡಿಸುವುದು. ‘ಕ’ ಎಂಬ ಸಂಕೇತದೊಳಗೆ ಅಕಾರ ಅಡಗಿ ಕೂತಿದೆ, ಅದನ್ನು ಹೊರಗೆ ತನ್ನಿ: ಕ್, ಅ. ಸ್ವರಚಿಹ್ನೆ ಇದ್ದರೆ ಅಕಾರದ ಬದಲು ಆ ಸ್ವರ, ವಿರಾಮ ಇದ್ದರೆ ಸ್ವರವೇ ಇಲ್ಲ. ಶಾಲೆಯಲ್ಲಿ ಮಾಡಿದ ವರ್ಣ ವಿಭಜನೆಯೇ ಇದು. ‘ಲಕ್ಷ್ಮಿ’ ಆಗ ಲ್, ಅ, ಕ್, ಷ್, ಮ್, ಇ ಎಂದು ಆರು ವರ್ಣ. ‘ಲಕ್ಷ್ಮೀ’ಗೂ ಇದಕ್ಕೂ ಆರರಲ್ಲಿ ಒಂದು ವ್ಯತ್ಯಾಸ. ಕೆಲವರು ಬಿಡಿಸುವ ಬದಲು ಇಡೀ ಅಕ್ಷರವನ್ನೇ ಒಂದು ಘಟಕವಾಗಿ ಎಣಿಸುತ್ತಾರೆ. ಕೇಳಲು ಚೆನ್ನ. ಆದರೆ ಆಗ ‘ಲ’, ‘ಕ್ಷ್ಮಿ’ ಎಂದು ಎರಡೇ ಘಟಕ, ಒಂದು ದೀರ್ಘದ ತಪ್ಪಿಗೆ ಅರ್ಧ ಪದವೇ ಬೇರೆ ಎಂದಂತಾಗುತ್ತದೆ. ನಮ್ಮ ಮಟ್ಟಿಗೆ ವರ್ಣವೇ ಸರಿಯಾದ ಅಳತೆಗೋಲು.

ಬಿಡಿಸಿದ ಮೇಲೂ ಎಲ್ಲ ತಪ್ಪಿಗೂ ಒಂದೇ ದಂಡ ಹಾಕುವುದು ಅನ್ಯಾಯ. ಶಕಾರ-ಷಕಾರದ ಗೊಂದಲಕ್ಕೂ ಕಕಾರ-ಮಕಾರದ ವ್ಯತ್ಯಾಸಕ್ಕೂ ಒಂದೇ ಬೆಲೆ ಕಟ್ಟಬಹುದೇ? ಶುರುವಿಗೆ ಹೀಗೆ ಇಟ್ಟುಕೊಳ್ಳಬಹುದು: ಶ-ಷ 0.1, ಅಲ್ಪಪ್ರಾಣ-ಮಹಾಪ್ರಾಣ 0.2, ಹ್ರಸ್ವ-ದೀರ್ಘ, ಸ-ಶ, ಒತ್ತು ಬಿಟ್ಟದ್ದು ತಲಾ 0.3, ನ-ಣ, ಪದದ ಮೊದಲಿನ ಹಕಾರ ಬಿದ್ದದ್ದು 0.5, ಲ-ಳ 0.6; ಆಫೀಸ್-ಆಫೀಸು ಥರದ ಕೊನೆಯ ಉಕಾರ 0.1, ಉಳಿದದ್ದೆಲ್ಲ 1. ಋಕಾರವನ್ನು ಮಾತ್ರ ಅಳೆಯುವ ಮೊದಲೇ ರ್, ಇ ಎಂದು ಬಿಡಿಸಿಬಿಡಿ; ‘ಕೃಷ್ಣ’, ‘ಕ್ರಿಷ್ಣ’ ಆಗ ಒಂದೇ ಆಗುತ್ತವೆ. ‘ಕ್ರುಷ್ಣ’ ಎಂದು ಬರೆಯುವವರೂ ಇದ್ದಾರೆ, ಹಾಗಾಗಿ ರಕಾರದ ಬೆನ್ನಿಗಿರುವ ಇ-ಉ ಬದಲಾವಣೆಗೆ 0.2.

ಲೆಕ್ಕ ಮಾಡುವ ವಿಧಾನ ಬದಲಾಗುವುದಿಲ್ಲ. ವ್ಯಾಗ್ನರ್ ಮತ್ತು ಫಿಶರ್ 1974ರಲ್ಲಿ ಬರೆದ ಚೌಕಳಿಯೇ ಸಾಕು: ಎಂಟು ವರ್ಣಗಳ ಎರಡು ಪದಗಳಿಗೆ, ಆರಂಭದ ಖಾಲಿ ಸಾಲುಗಳೂ ಸೇರಿ, 9×9 ಅಂದರೆ 81 ಮನೆ, ಪ್ರತಿ ಮನೆಯಲ್ಲೂ ಸೇರಿಸು, ತೆಗೆ, ಬದಲಿಸು ಎಂಬ ಮೂರು ದಾರಿಗಳಲ್ಲಿ ಅಗ್ಗದ್ದು. ಬಂದ ದೂರವನ್ನು ಉದ್ದನೆಯ ಪದದ ವರ್ಣಸಂಖ್ಯೆಯಿಂದ ಭಾಗಿಸಿ 1ರಿಂದ ಕಳೆಯಿರಿ. ‘ವಿಶೇಷ’ ಮತ್ತು ‘ವಿಷೇಶ’: ಆರು ವರ್ಣ, ದೂರ 0.2, ಹೋಲಿಕೆ 0.97. ‘ಲಕ್ಷ್ಮಿ’-‘ಲಕ್ಷ್ಮೀ’ 0.95. ‘ಹುಲಿ’-‘ಹುಳಿ’ ನಾಲ್ಕು ವರ್ಣ, ದೂರ 0.6, ಹೋಲಿಕೆ 0.85. ಒಂದೇ ಎಂದು ಒಪ್ಪುವ ಗೆರೆಯನ್ನು 0.9ಕ್ಕೆ ಎಳೆದರೆ ಹುಲಿ ಹುಲಿಯಾಗಿಯೇ ಉಳಿಯುತ್ತದೆ.

ಇಷ್ಟಕ್ಕೇ ಖುಷಿಪಡುವಂತಿಲ್ಲ. ‘ದನ’ ಮತ್ತು ‘ಧನ’ ನಾಲ್ಕು ವರ್ಣದಲ್ಲಿ 0.2 ದೂರ, ಹೋಲಿಕೆ 0.95. ದನಕ್ಕೂ ಧನಕ್ಕೂ ನಂಟಿರುವುದು ನಿಜ, ಆದರೆ ಒಂದೇ ಪದವಲ್ಲವಲ್ಲ. ‘ಶಂಕರ’-‘ಸಂಕರ’ ಕೂಡ ಹೀಗೇ ಗೆರೆ ದಾಟಿ ಒಳಗೆ ಬರುತ್ತವೆ. ಇದಕ್ಕೆ ಯಾವ ದಂಡಪಟ್ಟಿಯೂ ಮದ್ದಲ್ಲ, ನಿಘಂಟು ಬೇಕು: ಎರಡು ರೂಪಗಳೂ ನಿಘಂಟಿನಲ್ಲಿ ಬೇರೆ ಬೇರೆ ಅರ್ಥದ ಮುಖ್ಯಪದಗಳಾಗಿದ್ದರೆ ಹೋಲಿಕೆ ಎಷ್ಟೇ ಇರಲಿ ಸೇರಿಸಕೂಡದು. ಅದಲುಬದಲಿಗೆ ರಿಯಾಯಿತಿ ಕೊಡುವಾಗಲೂ ಇದೇ ಎಚ್ಚರ ಬೇಕು. ರಕಾರ ಮತ್ತು ವಿರಾಮ ಜಾಗ ಬದಲಿಸಿಕೊಂಡರೆ ‘ಕ್ರಮ’ ಹೋಗಿ ‘ಕರ್ಮ’ ಆಗುತ್ತದೆ, ಡ್ಯಾಮೆರೌ ಲೆಕ್ಕದಲ್ಲಿ ಒಂದೇ ಹೆಜ್ಜೆ.

ಅನುಸ್ವಾರದ ಬಗ್ಗೆ ಒಂದು ಮಾತು. ‘ಸಂಪತ್ತು’-‘ಸಮ್ಪತ್ತು’ ಒಂದಾಗಲು, ವರ್ಗದ ಮೊದಲ ನಾಲ್ಕು ವ್ಯಂಜನಗಳ ಹಿಂದಿರುವ ಅದೇ ವರ್ಗದ ಅನುನಾಸಿಕವನ್ನು ಅನುಸ್ವಾರವಾಗಿಸಬೇಕು. ನಿಯಮ ಬರೆಯುವಾಗ ‘ಮೊದಲ ನಾಲ್ಕು’ ಎಂಬುದನ್ನು ಮರೆತರೆ ‘ಅನ್ನ’ ‘ಅಂನ’ವಾಗಿ, ‘ಅಮ್ಮ’ ‘ಅಂಮ’ಳಾಗಿ ಕೂರುತ್ತಾರೆ.

ಹೆಸರುಗಳ ಪಟ್ಟಿಗೆ ಬಂದರೆ ಜಾರೋ-ವಿಂಕ್ಲರ್ ಎಂಬ ಅಳತೆ ಬಹಳ ಜನಪ್ರಿಯ. ಪದದ ಆರಂಭದ ನಾಲ್ಕು ಅಕ್ಷರದವರೆಗೆ ಹೊಂದಿಕೆಯಾದರೆ ಅದು ಹೆಚ್ಚುವರಿ ಅಂಕ ಕೊಡುತ್ತದೆ. ‘ತಿಮ್ಮಪ್ಪ’ ಮತ್ತು ‘ತಿಮ್ಮಯ್ಯ’ನನ್ನು ವರ್ಣವಾಗಿ ಬಿಡಿಸಿ ಕೊಡಿ: ಎಂಟರಲ್ಲಿ ಆರು ಹೊಂದುತ್ತವೆ, ಜಾರೋ 0.83, ಆರಂಭದ ಬಹುಮಾನ ಸೇರಿ 0.90. ‘ತಿಮ್ಮಪ್ಪ’-‘ತಿಮ್ಮಮ್ಮ’ನಿಗೂ ಅಷ್ಟೇ ಅಂಕ! ಗಂಡಸೂ ಹೆಂಗಸೂ ಒಬ್ಬರೇ ಎಂದು ಒಪ್ಪಿಸುವ ಅಳತೆಯನ್ನು ಹಾಗೇ ಬಳಸುವಂತಿಲ್ಲ. ನಮ್ಮ ಹೆಸರುಗಳಲ್ಲಿ ಗುರುತು ಇರುವುದು ಬಾಲದಲ್ಲಿ. ಅಪ್ಪ, ಅಯ್ಯ, ಅಮ್ಮ, ಅಣ್ಣ, ಅಕ್ಕ, ಗೌಡ ಇವನ್ನು ಮೊದಲೇ ಕತ್ತರಿಸಿ ಬೇರೆ ಅಂಕಣದಲ್ಲಿಡಿ; ಬಾಲ ಬಾಲಕ್ಕೆ ಪೂರ್ತಿ ಹೊಂದಬೇಕು, ಬುಡಕ್ಕೆ ಮಾತ್ರ ಸಡಿಲಿಕೆ. ಇನಿಷಿಯಲ್ಲುಗಳನ್ನೂ ಹೊರಗಿಡಿ. ‘ಎಚ್’ ಮತ್ತು ‘ಹೆಚ್’, ‘ಎಸ್’ ಮತ್ತು ‘ಯಸ್’, ‘ಎಂ’ ಮತ್ತು ‘ಯಂ’ ಒಂದೇ ಎಂಬ ಪುಟ್ಟ ಕೋಷ್ಟಕ ಇದ್ದರೆ ಸಾಕು. ಹೆಸರಿನ ಮುಂದೆಯೇ ಬಿಟ್ಟರೆ ವಿಂಕ್ಲರನ ಆರಂಭದ ಬಹುಮಾನ ಪೂರ್ತಿ ಅವುಗಳ ಪಾಲಾಗುತ್ತದೆ.

ಸೌಂಡೆಕ್ಸ್ ಬಗ್ಗೆ ಕೇಳುವವರಿದ್ದಾರೆ. ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ಹಳೆಯ ಉಪಾಯ ಅದು, ಉಚ್ಚಾರ ಹೋಲುವ ಹೆಸರುಗಳಿಗೆ ಒಂದೇ ಗುರುತು ಕೊಡಲು: ಮೊದಲ ಅಕ್ಷರ, ಅದಾದ ಮೇಲೆ ಮೂರು ಅಂಕಿ. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಹಾಕಿ ಬರೆದರೂ ಎಕ್ಸ್ ಹಾಕಿ ಬರೆದರೂ ಎಲ್-250 ಎಂದೇ ಬರುತ್ತದೆ. ಆದರೆ ಮೊದಲ ಅಕ್ಷರವನ್ನು ಅದು ಮುಟ್ಟುವುದಿಲ್ಲವಾದ್ದರಿಂದ ವೆಂಕಟೇಶನನ್ನು ಒಬ್ಬರು ವಿ, ಇನ್ನೊಬ್ಬರು ಡಬ್ಲ್ಯು ಹಾಕಿ ಬರೆದರೆ ಕೈಬಿಡುತ್ತದೆ. ಕನ್ನಡ ಲಿಪಿಗೆ ಅದನ್ನು ನೇರವಾಗಿ ಹಚ್ಚಲೇಬೇಡಿ. ಯುಟಿಎಫ್-8 ಪಠ್ಯಕ್ಕೆ ತನ್ನ ಸೌಂಡೆಕ್ಸ್ ಸರಿಹೋಗದು ಎಂದು ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ಕೋಶದ ಕೈಪಿಡಿಯೇ ಎಚ್ಚರಿಸುತ್ತದೆ.

ಅದರ ಆಶಯವನ್ನು ಮಾತ್ರ ಎರವಲು ಪಡೆಯಬಹುದು, ಅದೂ ತೀರ್ಪಿಗಲ್ಲ, ಗುಂಪು ಕಟ್ಟಲು. ಒಂದು ಲಕ್ಷ ಹೆಸರನ್ನು ಒಂದಕ್ಕೊಂದು ಹೋಲಿಸಿದರೆ ಸುಮಾರು 500 ಕೋಟಿ ಜೋಡಿ. ಬದಲಿಗೆ ಪ್ರತಿ ಹೆಸರಿನ ಎಲುಬುಗೂಡು ತೆಗೆಯಿರಿ: ಸ್ವರಗಳನ್ನು ಬಿಡಿ, ಮಹಾಪ್ರಾಣವನ್ನು ಅಲ್ಪಪ್ರಾಣವಾಗಿಸಿ, ಶ-ಷ-ಸ ಒಂದು, ಣ-ನ-ಅನುಸ್ವಾರ ಒಂದು, ಳ-ಲ ಒಂದು, ಒತ್ತನ್ನು ಒಂಟಿ ಮಾಡಿ. ‘ಸಿದ್ಧಲಿಂಗಯ್ಯ’, ‘ಸಿದ್ದಲಿಂಗಯ್ಯ’, ‘ಸಿದ್ಲಿಂಗಯ್ಯ’ ಮೂವರಿಗೂ ಆಗ ‘ಸದಲನಗಯ’ ಎಂಬ ಒಂದೇ ಕೀಲಿ. ಗುಂಪಿಗೆ ಸರಾಸರಿ 20 ಹೆಸರಾದರೆ 5,000 ಗುಂಪು, ಗುಂಪಿಗೆ 190 ಜೋಡಿ, ಒಟ್ಟು ಒಂಬತ್ತೂವರೆ ಲಕ್ಷ. ಆದರೆ ಗುಂಪುಗಳು ಎಂದೂ ಸಮನಾಗಿರುವುದಿಲ್ಲ. 2,000 ಹೆಸರಿನ ಒಂದೇ ಒಂದು ದಪ್ಪ ಗುಂಪು ಸುಮಾರು 20 ಲಕ್ಷ ಜೋಡಿ ತರುತ್ತದೆ, ಉಳಿದೆಲ್ಲದರ ಎರಡು ಪಟ್ಟು. ಅಂಥದನ್ನು ಮೊದಲ ಸ್ವರದಿಂದಲೋ ಜನ್ಮವರ್ಷದಿಂದಲೋ ಮತ್ತೆ ಸೀಳಬೇಕು. ಒಂದೇ ಕೀಲಿಯನ್ನು ನಂಬಿದರೂ ಕಷ್ಟ: ಒಂದು ವ್ಯಂಜನ ಬಿಟ್ಟುಹೋದವರು ಬೇರೆ ಗುಂಪಿಗೆ ಬಿದ್ದು ಎಂದಿಗೂ ಎದುರಾಗುವುದಿಲ್ಲ. ಮೊದಲ ಎರಡು ಅಕ್ಷರದಿಂದ ಇನ್ನೊಂದು ಸುತ್ತು ಗುಂಪು ಕಟ್ಟಿ, ಎರಡೂ ಸುತ್ತಿನ ಜೋಡಿಗಳನ್ನು ಅಳತೆಗೆ ಕಳಿಸಿ.

ಜೋಡಿಗಳು ಸಿಕ್ಕ ಮೇಲೆ ಅವನ್ನು ಸರಪಳಿಯಾಗಿ ಪೋಣಿಸುವುದು ದೊಡ್ಡ ಪ್ರಮಾದ. ಬರೀ ಲೆವೆನ್‌ಸ್ಟೈನ್ ಲೆಕ್ಕದಲ್ಲಿ ‘ಬೆಲೆ’ಗೆ ‘ಬೆಳೆ’ ಹತ್ತಿರ, ‘ಬೆಳೆ’ಗೆ ‘ಬೇಳೆ’ ಹತ್ತಿರ, ‘ಬೇಳೆ’ಗೆ ‘ವೇಳೆ’ ಹತ್ತಿರ. ಮೂರೇ ಹೆಜ್ಜೆಯಲ್ಲಿ ಬೆಲೆ ವೇಳೆಯಾಯಿತು. ಗುಂಪಿಗೆ ಸೇರುವ ಪ್ರತಿ ರೂಪವೂ ಗುಂಪಿನ ಒಂದು ಮುಖ್ಯ ರೂಪದೊಂದಿಗೆ ನೇರವಾಗಿ ಹೊಂದಬೇಕು, ನೆಂಟರ ನೆಂಟಸ್ತಿಕೆ ಲೆಕ್ಕಕ್ಕಿಲ್ಲ.

ದಂಡಪಟ್ಟಿ ಎಲ್ಲ ಪಠ್ಯಕ್ಕೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಮೇಲೆ ಕೊಟ್ಟದ್ದು ಕಿವಿಯ ತಪ್ಪಿಗೆ, ಅಂದರೆ ಕೇಳಿ ಬರೆದವರದ್ದಕ್ಕೆ. ಅಚ್ಚಿನ ಪುಟವನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್‌ನಿಂದ ತೆಗೆದ ಪಠ್ಯದ ತಪ್ಪು ಕಣ್ಣಿನದು. ಅಲ್ಲಿ ಶ-ಷ ಗೊಂದಲ ಅಪರೂಪ, ಪ-ಷ ಗೊಂದಲ ಸಾಮಾನ್ಯ. ದ-ಧ, ಬ-ಭ ಹೊಟ್ಟೆ ಸೀಳಿನ ವ್ಯತ್ಯಾಸ, ‘ಮ’ ಮತ್ತು ‘ವು’ ಬಾಗಿನ ವ್ಯತ್ಯಾಸ. ಕೀಲಿಮಣೆಯ ತಪ್ಪಿಗೆ ಮೂರನೆಯದೇ ಪಟ್ಟಿ ಬೇಕು. ಬೆಲೆಗಳನ್ನು ಊಹಿಸಿ ಕೂರುವ ಬದಲು ಅದೇ ಪಠ್ಯದಿಂದ ಐನೂರು ಜೋಡಿ ಆರಿಸಿ ‘ಒಂದೇ’, ‘ಬೇರೆ’ ಎಂದು ಕೈಯಾರೆ ಗುರುತು ಹಾಕಿ. ಗೆರೆಯನ್ನು ಮೇಲೆ ಕೆಳಗೆ ಸರಿಸುತ್ತ, ತಪ್ಪಾಗಿ ಸೇರಿದವೆಷ್ಟು, ಸೇರಬೇಕಾಗಿದ್ದು ತಪ್ಪಿದವೆಷ್ಟು ಎಂದು ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಒಂದೇ ‘ಶೇಕಡಾ ನಿಖರತೆ’ಯಲ್ಲಿ ಎರಡನ್ನೂ ಮುಚ್ಚಿಟ್ಟವರ ಮಾತು ನಂಬಬೇಡಿ, ಸಾವಿರದಲ್ಲಿ ಹತ್ತು ಜೋಡಿ ಮಾತ್ರ ನಿಜವಾಗಿದ್ದರೆ, ಎಲ್ಲಕ್ಕೂ ‘ಬೇರೆ’ ಎಂದು ಕಣ್ಣುಮುಚ್ಚಿ ಹೇಳುವ ಪ್ರೋಗ್ರಾಮಿಗೂ ಶೇ 99 ಬರುತ್ತದೆ. 0.95ರ ಮೇಲಿನವನ್ನು ಯಂತ್ರ ಸೇರಿಸಲಿ, 0.85ರ ಕೆಳಗಿನವನ್ನು ಬಿಡಲಿ, ನಡುವಿನದು ಮನುಷ್ಯರ ಕಣ್ಣಿಗೆ ಬರಲಿ. ಯಾರದ್ದಾದರೂ ಹಕ್ಕು ಹೋಗುವ ಪಟ್ಟಿಯಾದರೆ ಯಂತ್ರಕ್ಕೆ ಸೇರಿಸುವ ಅಧಿಕಾರವೇ ಬೇಡ, ಸೂಚಿಸುವುದಷ್ಟೇ ಸಾಕು.

ಪದಗಳನ್ನು ಅರ್ಥದ ನೆರೆಹೊರೆಯಲ್ಲಿ ಕೂರಿಸುವ ಈಗಿನ ಎಐ ಮಾದರಿಗಳಿಂದ ಇದೆಲ್ಲ ತಾನೇ ಬಗೆಹರಿಯುತ್ತದೆ ಎಂಬ ವಾದ ಕೇಳಿಬರುತ್ತಿದೆ. ಅವು ‘ಬೆಲೆ’ಯ ಪಕ್ಕ ‘ದರ’ವನ್ನು ತರುತ್ತವೆ, ಅದು ಬೇರೆಯೇ ಉಪಕಾರ. ಕಾಗುಣಿತಕ್ಕೆ ವರ್ಣದ ಲೆಕ್ಕವೇ ಅಗ್ಗ, ಮೇಲಾಗಿ ಯಾವ ನಿಯಮದಿಂದ ಯಾವುದು ಸೇರಿತು ಎಂದು ತೋರಿಸಲೂ ಬರುತ್ತದೆ.

ನಿಮ್ಮ ಹಳೆಯ ಸಂಚಿಕೆಗಳ ಸಂಗ್ರಹಕ್ಕೆ ಹುಡುಕು ಪೆಟ್ಟಿಗೆ ಕಟ್ಟುವವರಿಗೆ ಒಂದು ಕೋರಿಕೆ. ಒಪ್ಪಿಸಿಕೊಳ್ಳುವ ಮುನ್ನ ‘ಕೃಷ್ಣ’ ಮತ್ತು ‘ಕ್ರಿಷ್ಣ’, ‘ಧರ್ಮ’ ಮತ್ತು ‘ಧಮ೯’, ಜೋಡಕ ಇರುವ ಮತ್ತು ಇಲ್ಲದ ‘ಸಾಫ್ಟ್‌ವೇರ್’ ಹಾಕಿ ನೋಡಿ. ಪ್ರತಿ ಜೋಡಿಗೂ ಒಂದೇ ಫಲಿತಾಂಶ ಬರಬೇಕು. ಆಮೇಲೆ ‘ಹುಲಿ’ ಮತ್ತು ‘ಹುಳಿ’, ‘ದನ’ ಮತ್ತು ‘ಧನ’, ‘ಕ್ರಮ’ ಮತ್ತು ‘ಕರ್ಮ’ ಹಾಕಿ. ಇವಕ್ಕೆ ಬೇರೆ ಬೇರೆ ಬರಬೇಕು. ಉದ್ಧರಣ ಚಿಹ್ನೆಯೊಳಗೆ ಕೊಟ್ಟ ಪದವನ್ನು ಯಾವ ಸಡಿಲಿಕೆಯೂ ಇಲ್ಲದೆ ಹಾಗೇ ಹುಡುಕುವ ಸೌಲಭ್ಯವೂ ಇರಲಿ, ತಪ್ಪು ಕಾಗುಣಿತವನ್ನೇ ಹುಡುಕಬೇಕಾದವರಿಗೆ ಅದು ಬೇಕಾಗುತ್ತದೆ.

ಇತಿ,
ಕನ್ನಡ ಪಠ್ಯ ಸಂಸ್ಕರಣೆಯ ಕೆಲಸದಲ್ಲಿರುವ ಓದುಗರು